ಮೂರು ಬೇಲಿಯ ಮರ

ಓರೆಯಾಗಿ ಕತ್ತರಿಸಿದ್ದೇ ತಪ್ಪಾಯಿತು ಎಂದು ಸೊಲಾಂಜ್‌ಗೆ ಹೊಳೆದದ್ದು ಬಸ್ಸು ಹತ್ತಿ ಕೂತ ಮೇಲೆ. ಕದಿಯುವವರು ಹಾಗೆ ಕತ್ತರಿಸುವುದಿಲ್ಲ. ಅವರು ಕೊಂಬೆ ಬಗ್ಗಿಸಿ ಲಟಕ್ಕನೆ ಮುರಿಯುತ್ತಾರೆ; ತೊಗಟೆ ಸೀಳಿಕೊಂಡು ಜೋತುಬೀಳುತ್ತದೆ, ಒಂದಷ್ಟು ಎಲೆ ನೆಲಕ್ಕೆ ಉದುರುತ್ತವೆ. ಇವಳು ನಿನ್ನೆ ಸಂಜೆ ಬೇಲಿಯೊಳಗಿನ ಜ್ವರದ ಮರದ ಕೊಂಬೆಯನ್ನು ಗೆಣ್ಣಿನ ಮೇಲೆ ಬೆರಳಗಲ ಬಿಟ್ಟು, ಇಬ್ಬನಿ ನಿಲ್ಲದ ಹಾಗೆ ಓರೆಯಾಗಿ, ಒಂದೇ ಅಮುಕಿಗೆ ಕತ್ತರಿಸಿದ್ದಳು. ಅದೂ ಸಾಲದೆಂದು ಕೆಮ್ಮಣ್ಣನ್ನು ಎಂಜಲಿನಲ್ಲಿ ಕಲಸಿ ಗಾಯಕ್ಕೆ ಮೆತ್ತಿ, ಹೆಬ್ಬೆರಳಿನಿಂದ ಸವರಿ ನುಣುಪು ಮಾಡಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲ್ವಿಚಾರಕ ಅನ್ಸೆಲ್ಮ್ ಕಲಿಸಿಕೊಟ್ಟದ್ದು ಹಾಗೆ. ಕದಿಯುವಾಗಲೂ ಕೈ ತನ್ನ ಪಾಡಿಗೆ ತಾನು ಕಲಿತದ್ದನ್ನು ಮಾಡಿ ಮುಗಿಸಿತ್ತು. ಯಾವ ಕೆಲಸವನ್ನೂ ದೇವರು ನೋಡುತ್ತಿದ್ದಾನೆ ಎಂದುಕೊಂಡು ಮಾಡಿ ಎಂದು ಪಾದ್ರಿಗಳು ಹೇಳುವ ಮಾತು ಇಂಥ ಕೆಲಸಕ್ಕೂ ಸಲ್ಲುತ್ತದೆಯೇ ಎಂದು ಯೋಚಿಸಿದಳು. ಆ ಯೋಚನೆಗೇ ನಾಚಿ ಕುತ್ತಿಗೆಯ ದಾರ ಹಿಡಿದುಕೊಂಡಳು. ದಾರದಲ್ಲಿ ಮಾತೆ ಮರಿಯಳ ಪದಕವಿತ್ತು. ಅದರ ಪಕ್ಕದಲ್ಲೇ ಒಳಬೇಲಿಯ ಬೀಗದಕೈ ಇತ್ತು.

“ಏನೇ ಸೊಲಾಂಜ್, ಹತ್ತಿದಾಗಿಂದ ಕುತ್ತಿಗೆ ಹಿಡ್ಕೊಂಡೇ ಕೂತಿದೀಯ. ಬೀಗದಕೈ ಏನು ಹಾರಿ ಹೋಗುತ್ತಾ?” ಎಂದು ಹಿಂದಿನ ಸೀಟಿನಿಂದ ಲಿಲೆಟ್ ಕೂಗಿದಳು. ಬಸ್ಸು ತುಂಬ ಆಕ್ಟೋಪಸ್ ಹಿಡಿಯುವ ಹೆಂಗಸರು. ಮರಿಗಳು ಬೆಳೆಯಲಿ ಎಂದು ಸಮುದ್ರದಲ್ಲಿ ಹಿಡಿಯುವುದನ್ನು ನಿಲ್ಲಿಸಿದ ತಿಂಗಳುಗಳು ಇವು. ಈಟಿಗಳನ್ನು ಅಟ್ಟಕ್ಕೆ ಸೇರಿಸಿ, ಅದೇ ಹುಲ್ಲುಹ್ಯಾಟು, ಅದೇ ರಬ್ಬರ್ ಬೂಟಿನಲ್ಲಿ ಅವರು ಬೆಟ್ಟಕ್ಕೆ ಕಳೆ ಕೀಳಲು ಬರುತ್ತಾರೆ. “ಇರ್ಲಿ ಬಿಡೆ, ಗಂಡನ್ನ ಹಾಗೆ ಹಿಡ್ಕೊಂಡಿದ್ರೆ ಅವನು ಮಾರಿಷಸ್ಸಿಗೆ ಓಡಿ ಹೋಗ್ತಾನೇ ಇರ್ಲಿಲ್ಲ” ಎಂದು ಇನ್ನೊಬ್ಬಳು ಅಂದಳು. ಬಸ್ಸೆಲ್ಲ ನಕ್ಕಿತು. ಸೊಲಾಂಜ್ ಕೂಡ ನಕ್ಕಳು. ಬೇರೆ ದಿನವಾಗಿದ್ದರೆ ಉತ್ತರ ಕೊಡುತ್ತಿದ್ದಳು. ಇವತ್ತು ನಕ್ಕ ಬಾಯಿ ಮುಚ್ಚಿದ ಮೇಲೂ ಕೆನ್ನೆ ಮಾತ್ರ ಹಾಗೇ ಎಳೆದುಕೊಂಡು ಉಳಿದಿತ್ತು. ಗಾಳಿ ಬಸ್ಸಿನ ಮಗ್ಗುಲಿಗೆ ಒದೆಯುತ್ತಿತ್ತು. ಕೆಳಗೆ ಸಮುದ್ರ, ಹವಳದ ದಿಬ್ಬಗಳ ತನಕ ತಿಳಿನೀರು, ಅದರಾಚೆ ಬಿಳಿ ನೊರೆಯ ಗೆರೆ. ಹುಟ್ಟಿದಾಗಿನಿಂದ ನೋಡಿದ ನೀರು ಅದು. ಆ ನೀರಿನಲ್ಲಿ ಈಟಿ ಎತ್ತಿ ಮಂಡಿಯುದ್ದ ನಿಂತ ಅಕ್ಕ ಕ್ಲೆಲಿಯ ಕಾಲುಗಳು ಈಗ ಮಂಚದ ಮೇಲೆ ಊದಿಕೊಂಡು, ಒತ್ತಿದರೆ ಕುಳಿ ಬಿದ್ದು, ಕುಳಿ ತುಂಬುವುದಕ್ಕೆ ಒಂದು ಜಪದಷ್ಟು ಹೊತ್ತು ತೆಗೆದುಕೊಳ್ಳುತ್ತವೆ.

ಬಂದರಿನ ಆಸ್ಪತ್ರೆಯವರು ಮಾತ್ರೆ ಕೊಟ್ಟಿದ್ದರು, ಉಪ್ಪು ಬಿಡಿ ಎಂದಿದ್ದರು. ಕ್ಲೆಲಿ ಮಾತ್ರೆ ನುಂಗಿದಳು, ಉಪ್ಪು ಬಿಡಲಿಲ್ಲ. ಉಪ್ಪು ನೀರಲ್ಲೇ ಬೆಳೆದವಳು ನಾನು, ನನಗೆ ಉಪ್ಪು ಬಿಡು ಅಂತಾನಲ್ಲ ಆ ಹುಡುಗ ಡಾಕ್ಟರು, ಎಂದು ನಗುತ್ತಿದ್ದಳು. ನಗು ಮುಗಿದ ಮೇಲೆ ತಂಗಿಯ ಕುತ್ತಿಗೆಯನ್ನೇ ನೋಡುತ್ತಿದ್ದಳು. “ಮದ್ದಲ್ಲ ಅಂತೀಯ. ಮದ್ದಲ್ದೇ ಇದ್ರೆ ಮೂರು ಸುತ್ತು ಬೇಲಿ ಯಾಕೆ ಹಾಕಿದೀರ? ಚರ್ಚಿನ ಕಾಣಿಕೆ ಡಬ್ಬಿಗೂ ಒಂದೇ ಬೀಗ ಕಣೆ.” ಇದಕ್ಕೆ ಸೊಲಾಂಜ್ ಹೇಳಬೇಕಾದ ಉತ್ತರ ಗೊತ್ತಿತ್ತು. ಶಾಲೆಯ ಮಕ್ಕಳು ಬಂದಾಗ ಅವಳೇ ಹೇಳುತ್ತಾಳೆ: ನೋಡಿ ಮಕ್ಕಳೇ, ಇಡೀ ರೊಡ್ರಿಗ್ಸ್ ದ್ವೀಪದಲ್ಲಿ ಈ ಜಾತಿಯ ಗಂಡು ಮರ ಇದೊಂದೇ ಉಳಿದಿರೋದು. ಅದಕ್ಕೇ ಬೇಲಿ. ಆದರೆ ಮಕ್ಕಳು ಮನೆಗೆ ಹೋಗಿ ಅಜ್ಜಿಯರಿಗೆ ಹೇಳುವಾಗ ಅದು ಬೇರೆಯೇ ಆಗುತ್ತಿತ್ತು. ಮೊದಲು ಇದ್ದದ್ದು ಮರದ ಕಂಬಗಳ ಬೇಲಿ, ಆಡು ಬಾರದಿರಲಿ ಎಂದು. ಬೇಲಿ ಬಂದದ್ದೇ ತಡ, ಅದರೊಳಗೆ ಏನೋ ಶಕ್ತಿಯಿರಬೇಕು ಎಂದು ಜನ ಬೇಲಿ ಹಾರಿ ಕೊಂಬೆ ಮುರಿದರು. ತಂತಿಬೇಲಿ ಹಾಕಿದರು. ತಂತಿ ಕಂಡ ಮೇಲೆ ದ್ವೀಪದ ಆ ಕೊನೆಯಿಂದಲೂ ಜನ ಬಂದರು. ಮೂರನೆಯದು ಬೀಗವಿರುವ ಕಬ್ಬಿಣದ ಬಲೆ. ಆಮೇಲೆ ಯಾರೂ ಮುರಿಯಲಿಲ್ಲ. ಆದರೆ ಬಸವಳಿದ ಆ ಗಿಡ್ಡ ಮರ ಯಾವ ಕಾಯಿಲೆಗೂ ಮದ್ದೆಂದು ಎಲ್ಲರಿಗೂ ಖಾತ್ರಿಯಾಯಿತು.

ನಿನ್ನೆ ಸಂಜೆ ಎಲ್ಲರೂ ಬಸ್ಸಿಗೆ ಹೋದ ಮೇಲೆ ಅವಳು ಒಳಗೆ ಹೋದಳು. ಅಜ್ಜಿ ಹೇಳಿದ್ದ ಕ್ರಮವಿತ್ತು. ಮದ್ದಿನ ಕೊಂಬೆಯನ್ನು ಸೂರ್ಯ ಹುಟ್ಟುವ ದಿಕ್ಕಿನಿಂದಲೇ ತೆಗೆಯಬೇಕು, ತೆಗೆಯುವಾಗ ಮಾತಾಡಬಾರದು, ತೆಗೆದ ಮೇಲೆ ತಿರುಗಿ ನೋಡಬಾರದು. ಮದ್ದಲ್ಲವೆಂದು ಮಕ್ಕಳಿಗೆ ಹೇಳುವವಳು ಕ್ರಮವನ್ನು ಯಾಕೆ ಪಾಲಿಸಬೇಕು? ಆದರೂ ಪಾಲಿಸಿದಳು. ಮೂಡಣ ದಿಕ್ಕಿಗೆ ಕೈಗೆ ಎಟುಕುವ ಕೊಂಬೆ ಒಂದೇ ಇತ್ತು. ಆ ಮಬ್ಬಿನಲ್ಲಿ ಗೆಣ್ಣು ಹುಡುಕುತ್ತ ಬೆರಳು ಸವರಿದಾಗ ಸಾಸಿವೆಯಂಥ, ಅಲ್ಲ, ಸಾಸಿವೆಗಿಂತ ದಪ್ಪದ ಉರುಟುಗಳು ಹೆಬ್ಬೆರಳಿಗೆ ತಗುಲಿದವು. ಮೊಗ್ಗು. ಬೆಳಗಿನ ಬಿಸಿಲು ಬೀಳುವ ಬದಿ. ಮೊಗ್ಗು ಅಲ್ಲಲ್ಲದೆ ಇನ್ನೆಲ್ಲಿ ಬರುತ್ತದೆ? ಕೆಳಗಿನ ಕಣಿವೆಯಲ್ಲಿ ಹೆಣ್ಣು ಮರ ಹೂಬಿಟ್ಟು ಕಾಯುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಗಂಡು ಮರದ ಮೊಗ್ಗು ಅರಳಿದ ಕೂಡಲೇ ಅದರ ಪರಾಗದ ಹುಡಿಯನ್ನು ಕುಂಚದಲ್ಲಿ ತೆಗೆದು ಅಲ್ಲಿಗೆ ಒಯ್ಯಬೇಕು, ಎರಡೂ ಒಟ್ಟಿಗೆ ಹೂಬಿಡುತ್ತಿರುವುದು ತಾನು ಈ ಕೆಲಸಕ್ಕೆ ಬಂದ ಮೇಲೆ ಇದೇ ಮೊದಲು ಎಂದು ಅನ್ಸೆಲ್ಮ್ ಹೇಳಿ ಹೇಳಿ ಸಾಕಾಗಿದ್ದ. ಎಲ್ಲ ಗೊತ್ತಿತ್ತು. ಹೆಬ್ಬೆರಳು ಮೊಗ್ಗಿನ ಮೇಲೆ ಒಂದು ಗಳಿಗೆ ನಿಂತಿತು. ಮಾತಾಡಬಾರದೆಂಬ ಕ್ರಮವಿದ್ದುದರಿಂದ ಅವಳು ತನಗೆ ತಾನೂ ಏನೂ ಹೇಳಿಕೊಳ್ಳಲಿಲ್ಲ.

ಬೆಟ್ಟದ ಮೇಲೆ ಸಸಿಮನೆಯ ಮುಂದೆ ಅನ್ಸೆಲ್ಮ್ ನಿಂತಿದ್ದ. ಕೈಯಲ್ಲಿ ಕುಂಚವಿತ್ತು, ಕಾಗದದ ಪೊಟ್ಟಣವಿತ್ತು. ಅವನು ಇದೇ ದ್ವೀಪದವನು, ದೂರ ಹೋಗಿ ಓದಿ ಬಂದವನು. ಭಾನುವಾರ ಚರ್ಚಿನಲ್ಲಿ ಅಕಾರ್ಡಿಯನ್ ನುಡಿಸುತ್ತಾನೆ. ಕೋಪ ಬಂದರೆ ದನಿ ತಗ್ಗುತ್ತದೆ. ಹೆಂಗಸರೆಲ್ಲ ಇಳಿದು ಬರುವ ತನಕ ಕಾದ. ಆಮೇಲೆ, ಪ್ರಾರ್ಥನೆಗೆ ಕರೆದ ಹಾಗೆ ಮೆಲ್ಲಗೆ, “ಬನ್ನಿ, ಏನೋ ತೋರಿಸಬೇಕು” ಎಂದು ಮೂರು ಬೇಲಿ ದಾಟಿಸಿ ಮರದ ಮುಂದೆ ನಿಲ್ಲಿಸಿದ. ಒಳಬೇಲಿಯ ಇನ್ನೊಂದು ಬೀಗದಕೈ ಅವನ ಹತ್ತಿರ ಇತ್ತು. ಸೊಲಾಂಜ್ ಎಲ್ಲರ ಹಿಂದೆ ನಿಂತಳು, ಆಮೇಲೆ ಹಿಂದೆ ನಿಂತದ್ದು ಕಂಡೀತು ಎಂದು ಮುಂದೆ ಬಂದಳು. ಕೆಮ್ಮಣ್ಣಿನ ಮೆತ್ತೆ ಒಣಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಅದರ ಮೇಲೆ ಅವಳ ಹೆಬ್ಬೆರಳಿನ ಗೆರೆಗಳು ಮೂಡಿದ್ದವು. ಅದು ಕಾಣುತ್ತಿದ್ದದ್ದು ತನಗೊಬ್ಬಳಿಗೇ ಇರಬಹುದು. ಎಲ್ಲರಿಗೂ ಇರಬಹುದು.

“ಅಯ್ಯೋ, ಮೊಗ್ಗಿದ್ದ ಒಂದೇ ಕೊಂಬೆ” ಅಂದಳು ಲಿಲೆಟ್. ಆಮೇಲೆ ಬಗ್ಗಿ ನೋಡಿ, “ಎಷ್ಟು ಚೆಂದ ಕತ್ತರಿಸಿದಾರೆ” ಅಂದವಳು ನಾಲಿಗೆ ಕಚ್ಚಿಕೊಂಡಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬಳ ಮನೆಯಲ್ಲೂ ಒಂದು ಮಂಚವಿತ್ತು, ಮಂಚದ ಮೇಲೆ ಯಾರೋ ಇದ್ದರು. ಪ್ರತಿಯೊಬ್ಬಳನ್ನೂ ಯಾರೋ ಈ ಮರದ ಮದ್ದು ಕೇಳಿದ್ದರು. “ನಮ್ಮಮ್ಮ ನನ್ನ ಹತ್ರಾನೂ ಕೇಳ್ತಾಳೆ” ಎಂದ ಅನ್ಸೆಲ್ಮ್, ಯಾರೂ ಕೇಳದಿದ್ದರೂ. “ಪ್ರತಿ ಭಾನುವಾರ. ಮಗ ಸಾಹೇಬ, ತಾಯಿಗೆ ಒಂದೆಲೆ ಗತಿಯಿಲ್ಲ ಅಂತಾಳೆ. ನಾನೇನು ಹೇಳ್ಲಿ?” ಅವನು ಕುಂಚವನ್ನು ಜೇಬಿಗೆ ಹಾಕಿದ, ಮತ್ತೆ ತೆಗೆದ. “ಹೆಣ್ಣು ಮರದ ಹೂ ನಾಳೆಗೆ ಬಾಡುತ್ತೆ. ಈ ಸಲ ಬೀಜ ಇಲ್ಲ. ಹೋಗಿ, ಕೆಲಸ ನೋಡಿ.”

ಅಷ್ಟರಲ್ಲಿ ಕೆಳಗಿನ ದಾರಿಯಲ್ಲಿ ಆಡುಗಳ ಗಂಟೆ ಕೇಳಿಸಿತು. ಟೀ-ಜಾನ್ ಮುದುಕ ದಿನವೂ ಆ ಹೊತ್ತಿಗೆ ಕಾಡಿನ ಅಂಚಿನಲ್ಲಿ ಆಡು ಹೊಡೆದುಕೊಂಡು ನೀರಿನ ಊಟೆಗೆ ಹೋಗುತ್ತಾನೆ. ಎರಡನೆಯ ಬೇಲಿಯ ಕಾಲದಲ್ಲಿ ಅವನು ಕೈಯಲ್ಲಿ ಕೊಂಬೆಯೊಂದಿಗೆ ತಂತಿಗೆ ಸಿಕ್ಕಿಕೊಂಡು, ಪ್ಯಾಂಟು ಹರಿದು, ಪೊಲೀಸರು ಬಂದು ಬಿಡಿಸುವ ತನಕ ಅಲ್ಲೇ ನೇತಾಡಿದ್ದ. ಆ ಕತೆಯನ್ನು ಅವನೇ ಎಲ್ಲ ಮದುವೆಗಳಲ್ಲಿ ಹೇಳಿ ನಗಿಸುತ್ತಿದ್ದ. ಈಗ ಅನ್ಸೆಲ್ಮ್ ಅವನನ್ನು ನಿಲ್ಲಿಸಿದ. ನಿಲ್ಲಿಸಿದ್ದು ಅನ್ಸೆಲ್ಮ್ ಒಬ್ಬನೇ ಅಲ್ಲ, ಹೆಂಗಸರೂ ಒಬ್ಬೊಬ್ಬರಾಗಿ ದಾರಿಗೆ ಬಂದರು, ಬಂದವರ ಮುಖದಲ್ಲಿ ಏನೋ ಹಗುರಾಯಿತು. ಸೊಲಾಂಜ್ ಅದನ್ನು ನೋಡಿದಳು. ಬೇರೊಬ್ಬನ ಹೆಸರು ಸಿಕ್ಕಿದಾಗ ಗುಂಪಿನ ಭುಜಗಳು ಹೇಗೆ ಕೆಳಗಿಳಿಯುತ್ತವೆ ಎಂಬುದನ್ನು. ತನ್ನ ಭುಜವೂ ಇಳಿದಿತ್ತು.

“ಮಾಮ, ಮತ್ತೆ ಬೇಲಿ ಹಾರಿದ್ಯಾ?” ಎಂದಳು ಲಿಲೆಟ್.

“ಈ ಮಂಡೀಲಿ?” ಟೀ-ಜಾನ್ ತನ್ನ ಕಾಲನ್ನು ಕೋಲಿನಿಂದ ಬಡಿದು ತೋರಿಸಿದ. “ಈಗ ಚರ್ಚಿನ ಮೆಟ್ಟಿಲು ಹತ್ತೋಕೇ ಇಬ್ಬರು ಬೇಕು. ಬೇಲಿ ಹಾರೋ ಶಕ್ತಿ ಇದ್ದಿದ್ರೆ ನಂಗ್ಯಾಕೆ ಬೇಕಿತ್ತಮ್ಮ ಮದ್ದು?”

ಯಾರೋ ಕಿಸಕ್ಕೆಂದರು. ಅನ್ಸೆಲ್ಮ್ ನಗಲಿಲ್ಲ. ಅರಣ್ಯ ಇಲಾಖೆಗೆ ಹೇಳಿದ್ದೇನೆ, ಜೀಪು ಬರುತ್ತದೆ, ಬರುವ ತನಕ ಇಲ್ಲೇ ಕೂತಿರು, ಇನ್ನು ಮುಂದೆ ಈ ದಾರಿಯಲ್ಲಿ ಆಡು ಬರುವ ಹಾಗಿಲ್ಲ ಎಂದ. ಮುದುಕ ಹ್ಯಾಟು ತೆಗೆದು ತಲೆ ಕೆರೆದುಕೊಂಡ. “ಕೂರ್ತೀನಿ ಬಿಡಪ್ಪ. ನಿಮ್ಮಪ್ಪನೂ ನಾನೂ ಈ ದಾರೀಲೇ ಆಡು ಹೊಡೆದೋರು. ಆಡು ಪಾಪ ಬಾಯಾರಿದಾವೆ, ಅವು ಹೋಗಿ ಕುಡ್ಕೊಂಡು ಬರ್ಲಿ.” ಸಸಿಮನೆಯ ಮೆಟ್ಟಿಲ ಮೇಲೆ ಕೂತ. ಆಡುಗಳು ಅವನಿಲ್ಲದೆ ಹೋಗಲಿಲ್ಲ, ದಾರಿಯಲ್ಲೇ ಗುಂಪಾಗಿ ನಿಂತು ಅವನ ಕಡೆ ನೋಡಿದವು.

ಇಳಿಜಾರಿನಲ್ಲಿ ಸೊಲಾಂಜ್ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕಳೆ ಕೀಳಿಸತೊಡಗಿದಳು. ಅದು ಅವಳ ಕೆಲಸ. ಲಂಟಾನ ಬೇರುಸಹಿತ ಬರಬೇಕು. ಪನ್ನೇರಳೆ ಮರಿಗಳನ್ನು ಹಣ್ಣಿನ ಆಸೆಗೆ ಬಿಡಬಾರದು. ಹೊಸಬರು ತಪ್ಪು ಮಾಡುವುದು ಇನ್ನೊಂದರಲ್ಲಿ. ಇಲ್ಲಿಯ ಹಳೆಯ ಮರಗಳು ಚಿಕ್ಕವಿದ್ದಾಗ ತಮ್ಮ ತಾಯಿಯ ಹಾಗೆ ಇರುವುದಿಲ್ಲ. ತಾಯಿಗೆ ಅಂಗೈಯಗಲದ ಹಸಿರೆಲೆ. ಮರಿಗೆ ಹುಲ್ಲಿನ ಹಾಗೆ ಕಿರಿದಾದ, ನಡುವೆ ಕೆಂಪು ಗೆರೆಯಿರುವ, ಸತ್ತ ಹಾಗೆ ಕಾಣುವ ಎಲೆ. ಹಿಂದೆ ದ್ವೀಪದ ತುಂಬ ಆಮೆಗಳಿದ್ದಾಗ ಅವುಗಳ ಕಣ್ಣಿಗೆ ಬೀಳದಿರಲೆಂದು ಕಲಿತ ಉಪಾಯವಂತೆ. ಹಡಗಿನವರು ಆ ಆಮೆಗಳನ್ನೆಲ್ಲ ಹೇರಿಕೊಂಡು ಹೋದರು, ಉಪಾಯ ಉಳಿಯಿತು. ಆಮೆಯ ಕುತ್ತಿಗೆ ಎಟುಕದಷ್ಟು ಎತ್ತರಕ್ಕೆ ಬೆಳೆದ ಮೇಲೆ ಮರ ಧೈರ್ಯವಾಗಿ ತನ್ನ ನಿಜವಾದ ಎಲೆ ಬಿಡುತ್ತದೆ. ಇದನ್ನು ಮಕ್ಕಳಿಗೆ ಹೇಳುವಾಗ ಸೊಲಾಂಜ್‌ಗೆ ಪ್ರತಿ ಸಲವೂ ದೇವರ ಮೇಲೆ ಪ್ರೀತಿ ಉಕ್ಕುತ್ತಿತ್ತು. ಇವತ್ತು ಕೆಂಪು ಗೆರೆಯ ಒಂದು ಮರಿ ಕಂಡಾಗ ಇದು ಯಾರಿಂದ ಮುಖ ಮರೆಸಿಕೊಳ್ಳುತ್ತಿದೆ ಎಂದು ಅನ್ನಿಸಿತು. ಮೇಲೆ ನೋಡಿದರೆ ಮೆಟ್ಟಿಲ ಮೇಲೆ ಟೀ-ಜಾನ್‌ನ ಹ್ಯಾಟು ಕಾಣುತ್ತಿತ್ತು. ಚರ್ಚಿನ ಬೆಳಗಿನ ಗಂಟೆಯಾದ ಮೇಲೆ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯಬೇಕೆಂಬುದು ಅಜ್ಜಿಯ ಕ್ರಮದ ಕೊನೆಯ ಭಾಗ. ರಾತ್ರಿ ಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ಅಕ್ಕ ಕುದಿಸಿ ಕುಡಿದಿರುತ್ತಾಳೆ. ಕುಡಿದು ಈಗ ತನ್ನ ಕಾಲನ್ನು ಒತ್ತಿ ಒತ್ತಿ ನೋಡಿಕೊಳ್ಳುತ್ತಿರುತ್ತಾಳೆ. ಊತ ಇಳಿದುಬಿಟ್ಟರೆ? ಇಳಿಯಲಿ ಎಂದು ಬೇಡಿಕೊಳ್ಳುವುದೂ ಆಗಲಿಲ್ಲ, ಇಳಿಯದಿರಲಿ ಎಂದು ಬೇಡಿಕೊಳ್ಳುವುದೂ ಆಗಲಿಲ್ಲ. ‘ನಮೋ ಮರಿಯಾ’ ಜಪ ಶುರುಮಾಡಿ, ನಡುವೆ ಎಲ್ಲಿ ನಿಂತೆನೆಂದು ಮರೆತು, ಮತ್ತೆ ಶುರುಮಾಡಿದಳು. ಜೀವಮಾನದಲ್ಲಿ ಅವಳು ಮರೆಯದಿದ್ದ ಮಾತು ಅದೊಂದೇ.

ಊಟದ ಹೊತ್ತಿಗೆ ಅನ್ಸೆಲ್ಮ್ ಹತ್ತಿರ ಹೋಗಿ, “ಸಾಹೇಬ್ರೇ, ಅಕ್ಕನ್ನ ಒಂದ್ಸಲ ನೋಡ್ಕೊಂಡು ಬರ್ತೀನಿ” ಎಂದಳು. “ಹೋಗು, ಹೋಗು” ಎಂದ. “ಪಾಪ, ಕಾಲು ಹೇಗಿದೆ ಈಗ?” ಆ ‘ಪಾಪ’ ಎಂಬ ಮಾತು ಇಳಿಜಾರಿನ ಕೆಳಗಿನ ತನಕ ಅವಳ ಜೊತೆ ನಡೆದು ಬಂತು.

ಕ್ಲೆಲಿ ಮಂಚದ ಮೇಲೆ ದಿಂಬಿಗೆ ಒರಗಿ, ಕೇದಗೆಯ ಗರಿ ಸೀಳಿ ಬುಟ್ಟಿ ಹೆಣೆಯುತ್ತಿದ್ದಳು. ಕಾಲುಗಳು ನಿನ್ನೆಯ ಹಾಗೇ ಇದ್ದವು. ಒಲೆ ಹೊತ್ತಿರಲಿಲ್ಲ. ತಗಡಿನ ಛಾವಣಿ ಗಾಳಿಗೆ ಕಟಕಟ ಎನ್ನುತ್ತಿತ್ತು. ಮೂಲೆಯಲ್ಲಿ ಮಾತೆಯ ಮೂರ್ತಿಯ ಪಾದದ ಬಳಿ, ಹಬ್ಬಕ್ಕೆ ಮಾತ್ರ ತೆಗೆಯುವ ಗಾಜಿನ ಲೋಟದಲ್ಲಿ, ಆ ಕೊಂಬೆ ನೀರಿನಲ್ಲಿ ನಿಂತಿತ್ತು. ಮೊಗ್ಗುಗಳು ಅರಳಿದ್ದವು. ಎಷ್ಟೋ ವರ್ಷ ಆ ಮರಕ್ಕೆ ನೀರು ಹೊತ್ತವಳು ಅದರ ಹೂವನ್ನು ನೋಡಿದ್ದು ಈಗ: ಬಿಳಿಯೂ ಅಲ್ಲದ ಹಸಿರೂ ಅಲ್ಲದ ಪುಟ್ಟ ನಕ್ಷತ್ರಗಳು, ನಡುವೆ ಹಳದಿ ಹುಡಿ.

“ಕುಡೀಲಿಲ್ವಾ ಅಕ್ಕ?”

“ಬೆಳಿಗ್ಗೆ ನೀನು ಕೊಟ್ಟ ಬಟ್ಟೆಗಂಟು ಬಿಚ್ಚಿ ನೋಡ್ತೀನಿ, ಮೊಗ್ಗು! ಮೊಗ್ಗಿರೋದನ್ನ ಹೇಗೆ ಕುದಿಸ್ಲಿ ಹೇಳು. ಬಸುರಿ ಮೀನು ಸಿಕ್ಕಿದ್ರೆ ಅಪ್ಪ ವಾಪಸ್ ನೀರಿಗೆ ಬಿಡ್ತಿರ್ಲಿಲ್ವಾ? ಮಾತೆಯ ಮುಂದೆ ಇಟ್ಟೆ, ಅವಳೇ ನೋಡ್ಕೊಳ್ಳಲಿ ಅಂತ. ಅರಳಿ ಕೂತಿದೆ.” ಗರಿಯನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದಳು. “ಹೂ ಉದುರಿದ ಮೇಲೆ ಕುದಿಸ್ಕೋತೀನಿ. ನಂಗೇನು ಅರ್ಜೆಂಟಿಲ್ಲ.” ಆಮೇಲೆ ತಂಗಿಯ ಮುಖ ನೋಡಿದಳು. ಈಟಿ ಹಿಡಿದ ಕಾಲದಲ್ಲಿ ನೀರಿನಡಿಯ ಬಂಡೆಯ ಬಣ್ಣ ಸ್ವಲ್ಪ ಬದಲಾದರೂ ಗುರುತಿಸುತ್ತಿದ್ದ ಕಣ್ಣು ಅದು. “ಯಾರನ್ನ ಹಿಡ್ಕೊಂಡ್ರು?”

“ಟೀ-ಜಾನ್ ಮಾಮನ್ನ.”

ಕ್ಲೆಲಿ ಸ್ವಲ್ಪ ಹೊತ್ತು ಹೆಣೆದಳು. “ಆ ಪ್ಯಾಂಟು ಹರಿದೋನನ್ನಾ” ಎಂದಳು. ನಗಲಿಲ್ಲ. “ತಗೊಂಡು ಹೋಗು.”

“ಅಕ್ಕ, ನಿನ್ನ ಕಾಲು...”

“ಕಾಲು ಎಲ್ಲಿಗೂ ಹೋಗಲ್ಲ ಕಣೆ, ಅದೇ ಅದರ ತೊಂದ್ರೆ. ತಗೊಂಡು ಹೋಗು ಅಂದ್ನಲ್ಲ. ಲೋಟ ವಾಪಸ್ ತಾ, ಅಮ್ಮಂದು ಅದು.” ಸೊಲಾಂಜ್ ಲೋಟವನ್ನು ಎತ್ತಿದಾಗ ಕ್ಲೆಲಿ ಕೈಚಾಚಿ ಅಡಿಯಿಂದ ಒಂದೇ ಒಂದು ಎಲೆ ಕಿತ್ತು, ಬಾಯಿಗೂ ಹಾಕಿಕೊಳ್ಳದೆ, ದಿಂಬಿನ ಕೆಳಗೆ ತೂರಿಸಿದಳು. “ಇದೊಂದು ಇರ್ಲಿ. ಇದನ್ನ ಮಾತ್ರ ಅವರ ಹತ್ರ ಹೇಳ್ಕೋಬೇಡ.”

ಲೋಟವನ್ನು ಬಟ್ಟೆಯಲ್ಲಿ ಮುಚ್ಚಬಹುದಿತ್ತು. ಬುಟ್ಟಿಯೊಳಗೆ ಇಡಬಹುದಿತ್ತು. ಯಾವುದೋ ಪೊದೆಯಲ್ಲಿ ಸಿಕ್ಕಿತೆಂದು ಹೇಳಬಹುದಿತ್ತು. ದಾರಿಯುದ್ದಕ್ಕೂ ಅಂಥ ಮಾತುಗಳು ಒಂದರ ಹಿಂದೊಂದು ಬಂದು, ಬಸ್ ನಿಲ್ದಾಣದಲ್ಲಿ ಕಾಯುವವರ ಹಾಗೆ ಸಾಲಾಗಿ ನಿಂತವು. ಆದರೆ ಮುಚ್ಚಿದರೆ ಹುಡಿ ಬಟ್ಟೆಗೆ ಅಂಟುತ್ತದೆ. ಗಾಳಿಗೆ ಬೆನ್ನು ಕೊಟ್ಟು, ಲೋಟವನ್ನು ಎದೆಗೆ ಒತ್ತಿಕೊಂಡು, ಕೆಲವು ಕಡೆ ಹಿಂದುಮುಂದಾಗಿ ನಡೆದು ಬೆಟ್ಟ ಹತ್ತಿದಳು. ಅಂಗಡಿಯ ಮುಂದೆ ಕೂತವರು “ಎಲ್ಲಿಗೇ ಮೆರವಣಿಗೆ?” ಎಂದರು. ಅವಳು ನಿಲ್ಲಲಿಲ್ಲ. ಹೇಡಿತನವೋ ಧೈರ್ಯವೋ ಎಂದು ಅವಳು ಯೋಚಿಸಲಿಲ್ಲ. ಹೂವು ಉದುರದ ಹಾಗೆ ಹೆಜ್ಜೆ ಇಡುವುದರಲ್ಲೇ ಮನಸ್ಸು ತುಂಬಿತ್ತು; ಬೆಳಗಿನಿಂದ ಮೊದಲ ಸಲ ‘ನಮೋ ಮರಿಯಾ’ ಕೊನೆಯ ತನಕ ಹೋಗಿ ಮುಟ್ಟಿತು.

ಮೊದಲು ನೋಡಿದವನು ಟೀ-ಜಾನ್. ಲೋಟ ನೋಡಿದ, ಅವಳ ಮುಖ ನೋಡಿದ, ಮತ್ತೆ ಲೋಟ ನೋಡಿದ. ಮೆಟ್ಟಿಲಿನಿಂದ ಕಷ್ಟಪಟ್ಟು ಎದ್ದು ಹ್ಯಾಟು ತೆಗೆದ. “ಏಳ್ರಪ್ಪೋ, ಗಂಡಿನ ಕಡೆಯೋರು ಬಂದ್ರು” ಎಂದು ಒಳಗೆ ಕೂಗಿದ.

ಅನ್ಸೆಲ್ಮ್ ಹೊರಗೆ ಬಂದ. ಕೊಂಬೆಯ ತುದಿಯ ಓರೆ ಗಾಯವನ್ನು ನೋಡಿದ. ತಾನೇ ಕಲಿಸಿದ ಆ ಓರೆಯನ್ನು ಅವನು ಬೆಳಿಗ್ಗೆಯೇ ಗುರುತಿಸಿದ್ದ, ಗುರುತಿಸಿಯೂ ಮುದುಕನನ್ನು ಮೆಟ್ಟಿಲ ಮೇಲೆ ಕೂರಿಸಿದ್ದ ಎಂಬುದು ಅವನ ಕಣ್ಣು ಒಂದು ಕ್ಷಣ ಟೀ-ಜಾನ್ ಕಡೆ ಹೋಗಿ ಮರಳಿದಾಗ ಸೊಲಾಂಜ್‌ಗೆ ತಿಳಿಯಿತು. “ಜೀಪಿಗೆ ಬರೋದು ಬೇಡ ಅಂತ ಹೇಳ್ತೀನಿ” ಎಂದು ನೆಲಕ್ಕೆ ಹೇಳಿದ. ಆಮೇಲೆ, “ಬೇಗ ಬಾ” ಎಂದ.

ಕಣಿವೆಯಲ್ಲಿ ಹೆಣ್ಣು ಮರ ಬಂಡೆಯ ಸೀಳಿನಿಂದ ಬಾಗಿಕೊಂಡಿತ್ತು. ಅದರ ಹೂಗಳ ಅಂಚು ಆಗಲೇ ಕಂದತೊಡಗಿತ್ತು. ಗಾಳಿ ಬರುವ ಕಡೆ ನಿಂತು, ಲಂಗವನ್ನು ಎರಡೂ ಕೈಯಲ್ಲಿ ಅಗಲಿಸಿ ತಡೆ ಹಿಡಿಯುವುದು ಸೊಲಾಂಜ್‌ಳ ಕೆಲಸ. ಬೇರೆ ಮರಗಳಿಗೆ ಎಷ್ಟೋ ಸಲ ಹಾಗೆ ನಿಂತಿದ್ದಳು. ಇವತ್ತೂ ನಿಂತಳು. ಅವನು ಲೋಟದ ಹೂವಿನಿಂದ ಕುಂಚಕ್ಕೆ ಹುಡಿ ಮುಟ್ಟಿಸಿ, ಉಸಿರು ಹಿಡಿದು, ಒಂದೊಂದು ಹೂವಿಗೂ ಸವರಿದ. ಎಲ್ಲ ಮುಗಿದ ಮೇಲೆ ಕುಂಚ ಒರೆಸಿ ಜೇಬಿಗಿಟ್ಟು, ಅಂಗೈ ಮುಂದೆ ಚಾಚಿದ.

ಅವಳು ಕುತ್ತಿಗೆಯ ದಾರ ತೆಗೆದಳು. ಬೀಗದಕೈ ಮತ್ತು ಪದಕ ಒಂದಕ್ಕೊಂದು ಸಿಕ್ಕು ಬಿದ್ದಿದ್ದವು. ಬಂಡೆಯ ಮೇಲೆ ಕೂತು ಉಗುರಿನಿಂದ ಬಿಡಿಸಬೇಕಾಯಿತು. ಹೊತ್ತು ಹಿಡಿಯಿತು. ಅನ್ಸೆಲ್ಮ್ ಅಂಗೈ ಚಾಚಿಕೊಂಡೇ ಕಾದ. ಸಹಾಯ ಮಾಡಲಿಲ್ಲ, ಆಚೆ ತಿರುಗಲೂ ಇಲ್ಲ. ಬೀಗದಕೈ ಅವನ ಅಂಗೈ ಸೇರಿತು. “ಇವತ್ತಿಂದ ಕಳೆ ಕೀಳೋರ ಸಾಲಲ್ಲಿ ಇರು” ಎಂದ. “ಅಮ್ಮ ಮುಂದಿನ ಭಾನುವಾರ ಕೇಳಿದ್ರೆ ಏನು ಹೇಳ್ಬೇಕೋ, ನಂಗೊತ್ತಿಲ್ಲ.” ಪದಕವೊಂದೇ ಉಳಿದ ದಾರವನ್ನು ಅವಳು ಮತ್ತೆ ಕುತ್ತಿಗೆಗೆ ಹಾಕಿಕೊಂಡಳು.

ಇಳಿಜಾರಿನಲ್ಲಿ ಹೆಂಗಸರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಸಾಲು ಬಗ್ಗಿ ಕಳೆ ಕೀಳುತ್ತಿತ್ತು. ಸೊಲಾಂಜ್ ಕೊನೆಯಲ್ಲಿ ಹೋಗಿ ಮಂಡಿಯೂರಿದಳು. ಕೆಳಗಿನ ದಾರಿಯಲ್ಲಿ ಆಡುಗಳ ಗಂಟೆ ಊಟೆಯ ಕಡೆಗೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಲಿಲೆಟ್ ಕತ್ತೆತ್ತದೆ ತನ್ನ ಬೂಟನ್ನು ಆಚೆ ಸರಿಸಿ ಜಾಗ ಮಾಡಿದಳು. “ಬಾ ಇಲ್ಲಿ. ಇದನ್ನ ನೋಡು. ಕೀಳ್ಲಾ, ಬಿಡ್ಲಾ?”

ಹುಲ್ಲಿನಷ್ಟು ಕಿರಿದಾದ ಎಲೆ, ನಡುವೆ ಕೆಂಪು ಗೆರೆ, ಸತ್ತ ಹಾಗೆ ಕಾಣುತ್ತಿತ್ತು.

“ಬಿಡು” ಎಂದಳು ಸೊಲಾಂಜ್, ಸುತ್ತಲಿನ ಹುಲ್ಲನ್ನು ಮಾತ್ರ ಕಿತ್ತಳು.